ಏಳು ಮಂದಿಯ ಆಟ, ಲೋಕದ ಅಂಗಳ

ತೆಂಗಿನ ಸೀಮೆಯೆಂದು ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಯಾವ ಊರಿಗೆ ಹೋದರೂ ಕಬಡ್ಡಿಯನ್ನು ಅರಿಯದ ಹುಡುಗ ಸಿಕ್ಕಲಾರ. ಶಾಲೆಯ ಬಯಲಿನಲ್ಲಿ ನಡುವೆ ಒಂದು ಗೆರೆ ಎಳೆದು, ಅತ್ತ ಏಳು ಮಂದಿ, ಇತ್ತ ಏಳು ಮಂದಿ ನಿಂತರೆ ಆಟ ಸಿದ್ಧ. ಚೆಂಡು ಬೇಡ, ದಾಂಡು ಬೇಡ. ಉಸಿರು ಗಟ್ಟಿಯಾಗಿದ್ದರೆ ಸಾಕು. ಲೋಕದ ಮತ್ತೊಂದು ಮೂಲೆಯಲ್ಲಿ ಹುಟ್ಟಿದ ಇನ್ನೊಂದು ಆಟದಲ್ಲಿಯೂ ಅತ್ತ ಏಳು, ಇತ್ತ ಏಳು. ಅದಕ್ಕೆ ರಗ್ಬಿ ಸೆವೆನ್ಸ್ ಎಂದು ಹೆಸರು. ಅದು 2016ರಲ್ಲಿ ಒಲಿಂಪಿಕ್ಸ್‌ನ ಅಂಗಳವನ್ನು ಹೊಕ್ಕಿತು. ನಮ್ಮ ಕಬಡ್ಡಿ ಇನ್ನೂ ಆ ಬಾಗಿಲ ಹೊರಗೇ ಇದೆ. ಹೀಗೇಕಾಯಿತು ಎಂಬುದು ಆಟಗಾರರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಅದು ಇತಿಹಾಸದ ಪ್ರಶ್ನೆ. ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನಾನು ಈ ವಿಷಯಕ್ಕೆ ಕೈ ಹಾಕಿರುವುದು ಆ ಕಾರಣದಿಂದ.

ಪಂಪನನ್ನು ಓದಿದವರಿಗೆ ಹಸ್ತಿನಾವತಿಯ ಅಸ್ತ್ರಪರೀಕ್ಷೆಯ ರಂಗ ಮರೆಯುವಂಥದಲ್ಲ. ಕರ್ಣನು ಬಂದು ನಿಂತಾಗ ಹಿರಿಯರು ಅವನ ವಿದ್ಯೆಯನ್ನು ಪರೀಕ್ಷಿಸಲಿಲ್ಲ, ಕುಲವನ್ನು ಎತ್ತಿದರು. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಬೇಕಾಯಿತು. ಸ್ಪರ್ಧೆಯ ಕಣಕ್ಕೆ ಯಾರು ಇಳಿಯಬಹುದು ಎಂಬ ಪ್ರಶ್ನೆಗೆ ಹಳೆಯ ಲೋಕದ ಉತ್ತರ ಹೀಗಿತ್ತು: ಕುಲವಿರಬೇಕು, ಇಲ್ಲವೇ ದೊಡ್ಡವರ ಕೃಪೆಯಿರಬೇಕು. ‘ಅರ್ಹತೆ’ ಎಂಬ ಮಾತನ್ನು ಇಂದು ನಾವು ಆಡುವ ಅರ್ಥ, ಅಂದರೆ ಗೆದ್ದು ಪಡೆದ ಯೋಗ್ಯತೆ, ಅಲ್ಲಿಗಿನ್ನೂ ಬಂದಿರಲಿಲ್ಲ. ಏಳು ಮಂದಿಯ ರಗ್ಬಿಯ ಚರಿತ್ರೆ ಕುಲ ಮತ್ತು ಕೃಪೆಗಳಿಂದ ಅರ್ಹತೆಯ ಕಡೆಗೆ ನಡೆದುಬಂದ ಚರಿತ್ರೆ.

ಆ ಆಟದ ಪರಿಚಯವನ್ನು ಮೊದಲು ಮಾಡಿಕೊಳ್ಳೋಣ. ರಗ್ಬಿಯ ಚೆಂಡು ದುಂಡಗಿರುವುದಿಲ್ಲ. ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ಉದ್ದುದ್ದ. ಅದನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಪ್ಪಿಸಿ, ಅವರ ಗೆರೆಯಾಚೆ ನೆಲಕ್ಕೆ ಮುಟ್ಟಿಸಬೇಕು. ಜೊತೆಯವನಿಗೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕೇ ಹೊರತು ಮುಂದಕ್ಕೆ ಎಸೆಯಕೂಡದು. ಹಳೆಯ ಆಟದಲ್ಲಿ ಒಂದೊಂದು ಕಡೆ ಹದಿನೈದು ಮಂದಿ, ಎಂಬತ್ತು ನಿಮಿಷ. ಸೆವೆನ್ಸ್‌ನಲ್ಲಿ ಮೈದಾನ ಅದೇ ಅಳತೆಯದು, ಮಂದಿ ಏಳೇ, ಕಾಲ ಏಳೇಳು ನಿಮಿಷದ ಎರಡು ಭಾಗ. ಮೈದಾನ ದೊಡ್ಡದು, ಮಂದಿ ಕಡಮೆ. ಆದ್ದರಿಂದ ಮೈಯ ತೂಕಕ್ಕಿಂತ ಕಾಲಿನ ವೇಗಕ್ಕೆ ಬೆಲೆ ಹೆಚ್ಚು.

ತೆಂಗಿನಕಾಯಿಯ ಹೋಲಿಕೆಯನ್ನು ನಾನು ಸುಮ್ಮನೆ ಕೊಡಲಿಲ್ಲ. ನಮ್ಮ ದೇಶದ ಮಣಿಪುರದಲ್ಲಿ ‘ಯೂಬಿ ಲಕ್ಪಿ’ ಎಂಬ ಆಟವುಂಟು. ತೆಂಗಿನಕಾಯಿಯನ್ನು ಕಿತ್ತುಕೊಳ್ಳುವುದು ಎಂದು ಆ ಮಾತಿನ ಅರ್ಥ. ಯಾವೊಸಾಂಗ್ ಹಬ್ಬದಲ್ಲಿ ಕಾಯಿಗೂ ಮೈಗೂ ಎಣ್ಣೆ ಸವರಿಕೊಂಡು ಆಡುತ್ತಾರೆ. ಅಲ್ಲಿಯೂ ಒಂದೊಂದು ಕಡೆಗೆ ಏಳು ಮಂದಿ. ಇದೇ ರಗ್ಬಿಯ ತಾಯಿ ಎಂದು ಹೇಳುವವರಿದ್ದಾರೆ; ಆದರೆ ಅದಕ್ಕೆ ಆಧಾರವಿಲ್ಲ. 1823ರಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಯ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಚೆಂಡನ್ನು ಕೈಯಲ್ಲೆತ್ತಿಕೊಂಡು ಓಡಿದುದೇ ಈ ಆಟದ ಮೂಲ ಎಂಬ ಪ್ರಸಿದ್ಧ ಕಥೆಗೂ ಅಷ್ಟೇ ಆಧಾರ. ಮನುಷ್ಯರು ಇರುವಲ್ಲೆಲ್ಲ ಒಂದು ವಸ್ತುವನ್ನು ಹಿಡಿದು ಗೆರೆ ದಾಟುವ ಆಟಗಳು ಹುಟ್ಟಿವೆ. ಅವುಗಳಲ್ಲಿ ಯಾವುದಕ್ಕೆ ಬರೆದಿಟ್ಟ ನಿಯಮ, ಸಂಘ, ಪಂದ್ಯಾವಳಿಗಳು ಒದಗಿದವೋ ಅದು ಲೋಕವನ್ನು ಸುತ್ತಿತು.

ರಗ್ಬಿ ಸುತ್ತಿದುದು ಆಂಗ್ಲರ ಹಡಗುಗಳ ಜೊತೆಗೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಒಂದು ಪಂದ್ಯ ನಡೆಯಿತು. ಮರುವರ್ಷ ಅಲ್ಲಿ ಒಂದು ಕ್ಲಬ್ಬೇ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಬೇಕಾಗಿ ಬಂದಾಗ ಸದಸ್ಯರು ಉಳಿದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ಪಡೆದು, ಕರಗಿಸಿ, ಒಂದು ಬಟ್ಟಲನ್ನು ಮಾಡಿಸಿದರು. ಹಿಡಿಗಳಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡು ಸ್ಕಾಟ್ಲೆಂಡುಗಳು 1879ರಿಂದ ಸೆಣಸುತ್ತ ಬಂದಿರುವ ‘ಕಲ್ಕತ್ತ ಕಪ್’ ಅದೇ. ಬೆಳ್ಳಿ ನಮ್ಮ ರೂಪಾಯಿಯದು, ಹೆಸರು ನಮ್ಮ ಊರಿನದು. ಆಡುವವರು ಮಾತ್ರ ಅವರಿಬ್ಬರೇ. ಅಂದಿನ ರಗ್ಬಿಯ ಕುಲವಿಚಾರಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಏಳು ಮಂದಿಯ ಆಟ ಹುಟ್ಟಿದುದು ಅರಮನೆಯಲ್ಲಿ ಅಲ್ಲ, ದೊಡ್ಡ ಶಾಲೆಯಲ್ಲಿಯೂ ಅಲ್ಲ. ಸ್ಕಾಟ್ಲೆಂಡಿನ ಗಡಿಭಾಗದಲ್ಲಿ ಮೆಲ್ರೋಸ್ ಎಂಬ ಪುಟ್ಟ ಊರಿದೆ. 1883ರಲ್ಲಿ ಅಲ್ಲಿನ ಕ್ಲಬ್ಬಿಗೆ ಹಣದ ಅಡಚಣೆಯುಂಟಾಯಿತು. ಊರಲ್ಲೊಂದು ಕ್ರೀಡಾದಿನವನ್ನು ಏರ್ಪಡಿಸಿ ಟಿಕೆಟ್ಟು ಮಾರೋಣವೆಂದರೆ, ಹದಿನೈದು ಮಂದಿಯ ತಂಡಗಳ ಹಲವು ಪಂದ್ಯಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುವುದು ಸಾಧ್ಯವಿಲ್ಲ. ಕಸಾಯಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ ಮಂದಿಯನ್ನು ಏಳಕ್ಕೆ ಇಳಿಸಿ, ಕಾಲವನ್ನೂ ಕಡಮೆ ಮಾಡುವ ಉಪಾಯವನ್ನು ಮುಂದಿಟ್ಟ. ಊರಿನ ಹೆಂಗಸರು ಬಹುಮಾನದ ಬಟ್ಟಲನ್ನು ಕೊಟ್ಟರು. ಬಡತನದಿಂದ ಹುಟ್ಟಿದ ಈ ಸಂಕ್ಷೇಪವೇ ಮುಂದೆ ಆಟದ ಭಾಗ್ಯವಾಯಿತು.

ಹೇಗೆಂದರೆ, ದೊಡ್ಡ ರಗ್ಬಿ 1900, 1908, 1920 ಮತ್ತು 1924ರ ಒಲಿಂಪಿಕ್ಸ್‌ಗಳಲ್ಲಿ ಇದ್ದು, ಆಮೇಲೆ ಮರೆಯಾಯಿತು. ಒಂದು ಪಂದ್ಯವಾಡಿದ ತಂಡಕ್ಕೆ ಹಲವು ದಿನಗಳ ವಿಶ್ರಾಂತಿ ಬೇಕು. ಎರಡು ವಾರದ ಜಾತ್ರೆಯಲ್ಲಿ ಹತ್ತಾರು ದೇಶಗಳನ್ನು ಆಡಿಸುವುದು ದುಸ್ಸಾಧ್ಯ. ಏಳು ಮಂದಿಯ ಆಟದಲ್ಲಾದರೋ ಎರಡು ಮೂರು ದಿನಗಳೊಳಗೆ ಇಡೀ ಪಂದ್ಯಾವಳಿ ಮುಗಿಯುತ್ತದೆ. 1976ರಲ್ಲಿ ಹಾಂಗ್‌ಕಾಂಗ್ ಇಂಥ ಒಂದು ಪಂದ್ಯಾವಳಿಯನ್ನು ಏರ್ಪಡಿಸಿ, ಏಷ್ಯಾ ಹಾಗೂ ಪೆಸಿಫಿಕ್ ಸಾಗರದ ಹನ್ನೆರಡು ತಂಡಗಳನ್ನು ಕರೆಯಿತು. ಇನ್ನೂ ಅದು ಕರೆಯೋಲೆಯ ಕಾಲ. 1993ರಲ್ಲಿ ಎಡಿನ್‌ಬರೋದಲ್ಲಿ ಮೊದಲ ವಿಶ್ವಕಪ್ ನಡೆಯಿತು; ಬಟ್ಟಲಿಗೆ ಮೆಲ್ರೋಸ್ ಊರಿನ ಹೆಸರನ್ನೇ ಇಟ್ಟರು; ಗೆದ್ದದ್ದು ಇಂಗ್ಲೆಂಡು. 1998ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಏಷ್ಯನ್ ಕ್ರೀಡಾಕೂಟಕ್ಕೂ ಈ ಆಟ ಸೇರಿತು. 1999ರಲ್ಲಿ ಊರಿಂದೂರಿಗೆ ಸಾಗುವ ವಾರ್ಷಿಕ ವಿಶ್ವಸರಣಿ ಆರಂಭವಾಯಿತು. 2009ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿಗೆ ಕೊಟ್ಟಿತು. 2016ರಲ್ಲಿ ರಿಯೊ ನಗರದಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೇ ಒಲಿಂಪಿಕ್ಸ್‌ನ ಕಣಕ್ಕಿಳಿದರು.

ರಿಯೊದಲ್ಲಿ ಗಂಡಸರ ಚಿನ್ನವನ್ನು ಗೆದ್ದವರು ಯಾರು? ಕಲ್ಕತ್ತ ಕಪ್ಪಿನ ಒಡೆಯರಲ್ಲ; ಫಿಜಿ. ನಮ್ಮ ತೆಂಗಿನ ಸೀಮೆಯವರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದೂ ತೆಂಗಿನ ನಾಡೇ. ಕೊಬ್ಬರಿ ಅಲ್ಲಿಂದಲೂ ಹಡಗೇರುತ್ತಿತ್ತು. ನಮ್ಮದು ಉಂಡೆ ಕೊಬ್ಬರಿ, ತಿನ್ನುವುದಕ್ಕೆ. ಅವರದು ಎಣ್ಣೆಗೆ ಹೋಗುವ ಕೊಬ್ಬರಿ, ಅಷ್ಟೇ ವ್ಯತ್ಯಾಸ. 1879ರಿಂದ 1916ರವರೆಗೆ ಭಾರತದ 60,000ಕ್ಕೂ ಹೆಚ್ಚು ಮಂದಿ ಕರಾರಿನ ಕೂಲಿಗಳಾಗಿ ಆ ದ್ವೀಪಗಳಿಗೆ ಹೋದರು. 1903ರಿಂದ ಮದರಾಸಿನ ಬಂದರದಿಂದಲೂ ಹಡಗುಗಳು ಹೊರಟವು. ಹತ್ತು ಲಕ್ಷವೂ ಜನರಿಲ್ಲದ ಆ ದೇಶ ಅಂತಿಮ ಪಂದ್ಯದಲ್ಲಿ ಬ್ರಿಟನ್ನನ್ನು 43-7ರಿಂದ ಸೋಲಿಸಿತು. ಹಿಂದೆ ತನ್ನನ್ನು ಆಳಿದ ದೇಶದ ಎದುರು ಗೆದ್ದ ಈ ಪದಕ, ಒಲಿಂಪಿಕ್ಸ್‌ನಲ್ಲಿ ಫಿಜಿ ಗಳಿಸಿದ ಮೊಟ್ಟಮೊದಲ ಪದಕ. ಮರುವರ್ಷ ಆ ಸರ್ಕಾರ ಈ ಗೆಲುವಿನ ನೆನಪಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಹದಿನೈದು ಮಂದಿಯ ಆಟಕ್ಕೆ ಬೇಕಾಗುವ ಭಾರಿ ಸಿಬ್ಬಂದಿ, ಸಲಕರಣೆ, ಹಣ ಒಂದು ಚಿಕ್ಕ ದೇಶಕ್ಕೆ ಎಲ್ಲಿಂದ ಬರಬೇಕು? ಏಳು ಮಂದಿಯನ್ನು ಮಾತ್ರ ಒಂದು ದ್ವೀಪ ಹೊಂದಿಸಬಲ್ಲದು. ಒಂದು ಹಳ್ಳಿಯೂ ಹೊಂದಿಸಬಲ್ಲದು.

ಇನ್ನು ಏಣಿಯ ವಿಚಾರ. ಒಲಿಂಪಿಕ್ಸ್‌ಗೆ ಹನ್ನೆರಡೇ ತಂಡ. 2024ರ ಪ್ಯಾರಿಸ್ ಕೂಟಕ್ಕೆ ಸ್ಥಾನಗಳನ್ನು ಹಂಚಿದ ಬಗೆ ಹೀಗೆ: ಆತಿಥೇಯ ದೇಶಕ್ಕೆ ಒಂದು; ವಿಶ್ವಸರಣಿಯ ಮೊದಲ ನಾಲ್ವರಿಗೆ ನಾಲ್ಕು; ಆರು ಪ್ರದೇಶಗಳ ವಿಜೇತರಿಗೆ ಆರು; ಉಳಿದ ಒಂದು, ಸೋತವರಲ್ಲಿ ಕೆಲವರು ಸೇರಿ ಆಡುವ ಕೊನೆಯ ಅರ್ಹತಾ ಪಂದ್ಯಾವಳಿಯ ವಿಜೇತರಿಗೆ. ಈ ಕೊನೆಯ ಮೆಟ್ಟಿಲನ್ನು ಯಾರೂ ಹಗುರವಾಗಿ ಕಾಣಬಾರದು. 2023ರಲ್ಲಿ ಆಫ್ರಿಕದ ಅರ್ಹತಾ ಪಂದ್ಯದಲ್ಲಿ ದಕ್ಷಿಣ ಆಫ್ರಿಕ ಕೀನ್ಯಾಕ್ಕೆ ಸೋತಿತು. 2024ರ ಜೂನ್‌ನಲ್ಲಿ ಮೊನಾಕೊದಲ್ಲಿ ನಡೆದ ಕೊನೆಯ ಪಂದ್ಯಾವಳಿಯಲ್ಲಿ ಗೆದ್ದು, ಹನ್ನೆರಡನೆಯದಾಗಿ ಒಳಗೆ ಬಂದಿತು. ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡನ್ನು ಹಿಂದಿಕ್ಕಿ ಕಂಚಿನ ಪದಕದೊಡನೆ ಮನೆಗೆ ಹೋಯಿತು. ಕಟ್ಟಕಡೆಗೆ ಬಾಗಿಲು ದಾಟಿದವನು ಮೂರನೆಯ ಪೀಠವನ್ನೇರಿದ. ಒಮ್ಮೆ ಸೋತವನಿಗೆ ಇನ್ನೊಂದು ಮೆಟ್ಟಿಲನ್ನು ಉಳಿಸಿದ ನಿಯಮದ ಫಲವಿದು.

ನಿಯಮ ಹೇಗೆ ಭಾಗ್ಯವನ್ನು ಬದಲಿಸುತ್ತದೆಂಬುದಕ್ಕೆ ಏಷ್ಯಾದ ಉದಾಹರಣೆಯೂ ಇದೆ. ನಮ್ಮ ಖಂಡಕ್ಕೆ ನೇರವಾಗಿ ದಕ್ಕುವುದು ಒಂದೇ ಸ್ಥಾನ. ಟೋಕಿಯೋ ಕೂಟಕ್ಕೆ ಜಪಾನು ಆತಿಥೇಯನಾಗಿ ಒಳಗಿದ್ದುದರಿಂದ ಏಷ್ಯಾದ ಸ್ಥಾನ ಬಿಡುವಾಯಿತು. 2019ರಲ್ಲಿ ಹಾಂಗ್‌ಕಾಂಗನ್ನು ಸೋಲಿಸಿ ದಕ್ಷಿಣ ಕೊರಿಯ ಅದನ್ನು ಪಡೆಯಿತು.

ಭಾರತದ ಮಾತೇನು? 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಗಂಡಸರ ತಂಡ ಆಡಿತು, ಆತಿಥೇಯರ ಹಕ್ಕಿನಿಂದ. ಪದಕದ ಹತ್ತಿರಕ್ಕೂ ಹೋಗಲಾಗಲಿಲ್ಲ. ಅದು ಅಂಗರಾಜ್ಯದ ಪಟ್ಟದಂತೆ: ಕಣಕ್ಕಿಳಿಸುತ್ತದೆ, ಗೆಲ್ಲಿಸುವುದಿಲ್ಲ. ಒಡಿಶಾದ ಆದಿವಾಸಿ ಶಾಲೆಗಳ ಮಕ್ಕಳೂ ಈ ಆಟವನ್ನು ಕೈಗೆತ್ತಿಕೊಂಡಿದ್ದಾರೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಭಾರತದ ಮಹಿಳೆಯರು ಆಡಿದರು. 2025ರಲ್ಲಿ ಮುಂಬೈಯಲ್ಲಿ ನಡೆದ ಲೀಗ್ ಪಂದ್ಯಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದು ತಂಡವಿತ್ತು. ಆದರೆ ಒಲಿಂಪಿಕ್ಸ್‌ನ ಏಣಿಯನ್ನು, 2016ರಿಂದ 2024ರವರೆಗಿನ ಮೂರು ಕೂಟಗಳಲ್ಲಿ, ನಾವು ಹತ್ತಲಾಗಲಿಲ್ಲ.

ಈಗ ನಮ್ಮದೇ ಏಳು ಮಂದಿಯ ಆಟಕ್ಕೆ ಮರಳೋಣ. ತಮಿಳರ ಚಡುಗುಡು, ಮರಾಠಿಗರ ಹುತುತು, ಬಂಗಾಳಿಗಳ ಹಾಡುಡು ಇವೆಲ್ಲ ಸೇರಿ ಒಂದು ನಿಯಮಕ್ಕೆ ಬಂದುದೇ ಇಪ್ಪತ್ತನೆಯ ಶತಮಾನದಲ್ಲಿ. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು 1936ರಲ್ಲಿ ಬರ್ಲಿನ್ನಿನಲ್ಲಿ ಇದನ್ನು ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಒಕ್ಕೂಟ ಸ್ಥಾಪನೆಯಾಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನವಾಗಿ, 1990ರ ಬೀಜಿಂಗ್ ಕೂಟದಲ್ಲಿ ಪದಕದ ಆಟವಾಗಿ ಕಬಡ್ಡಿ ಕಾಣಿಸಿಕೊಂಡಿತು. ಕನ್ನಡ ನಾಡಿನ ಹೊನ್ನಪ್ಪಗೌಡ, ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಈ ಆಟದಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಮಹಿಳೆಯರ ಕಬಡ್ಡಿ ಮೊದಲ ಬಾರಿಗೆ ಸೇರಿದ 2010ರ ಗುವಾಂಗ್‌ಝೌ ಕೂಟದಲ್ಲಿಯೂ 2014ರ ಇಂಚಾನ್ ಕೂಟದಲ್ಲಿಯೂ ತೇಜಸ್ವಿನಿ ಮತ್ತು ಮಮತಾ ಇಬ್ಬರೂ ಚಿನ್ನ ಗೆದ್ದ ತಂಡದಲ್ಲಿದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿಯಾಗಿದ್ದವರು ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಪ್ರಶಸ್ತಿಯ ಹೆಸರು ಅರ್ಜುನನದು. ಹಳ್ಳಿಯ ಶಾಲೆಯಿಂದ ಅಲ್ಲಿಗೆ ನಡೆದ ದಾರಿ ಕರ್ಣನದು.

2018ರಲ್ಲಿ ಜಕಾರ್ತದಲ್ಲಿ ಇರಾನು ಗಂಡಸರ ಚಿನ್ನವನ್ನೂ ಹೆಂಗಸರ ಚಿನ್ನವನ್ನೂ ಗೆದ್ದಿತು. ದೇಶದಲ್ಲಿ ಬಹಳ ಮಂದಿಗೆ ಅದು ದುಃಖದ ಸುದ್ದಿಯಾಯಿತು. ನನಗೆ ಅನ್ನಿಸುವುದೇ ಬೇರೆ. ಒಂದೇ ದೇಶ ಸದಾ ಗೆಲ್ಲುವ ಆಟಕ್ಕೆ ಲೋಕದ ಅಂಗಳದಲ್ಲಿ ಸ್ಥಳ ಸಿಕ್ಕುವುದು ಕಷ್ಟ. ಗಂಡಸರ ಆಟವೊಂದು ಒಲಿಂಪಿಕ್ಸ್ ಸೇರಬೇಕಾದರೆ ಅದು ನಾಲ್ಕು ಖಂಡಗಳ 75 ದೇಶಗಳಲ್ಲಾದರೂ ಹರಡಿರಬೇಕು ಎಂಬ ನಿಯಮವೇ ಹಿಂದೆ ಇತ್ತು. ನಮ್ಮನ್ನು ಸೋಲಿಸಬಲ್ಲವರು ಹುಟ್ಟಿದಾಗಲೇ ನಮ್ಮ ಆಟ ಲೋಕದ ಆಟವಾಗತೊಡಗಿತು. ಹಾಂಗ್‌ಝೌನಲ್ಲಿ ಭಾರತ ಎರಡು ಚಿನ್ನವನ್ನೂ ಮರಳಿ ಪಡೆದುದು ನಿಜ. ಆದರೆ ಮಹಿಳೆಯರ ಅಂತಿಮ ಪಂದ್ಯದಲ್ಲಿ ಚೈನೀಸ್ ತೈಪೆಯೆದುರು ಅಂತರ ಒಂದೇ ಅಂಕ, 26-25. ಆ ಒಂದು ಅಂಕದಲ್ಲಿ ಕಬಡ್ಡಿಯ ಭವಿಷ್ಯ ನನಗೆ ಕಾಣುತ್ತದೆ. ಕಬಡ್ಡಿಗೆ ಇಂದು ಕೊರತೆಯಿರುವುದು ಆಟಗಾರರದಲ್ಲ. ಸೋತ ದೇಶ ಮತ್ತೆ ಮೆಟ್ಟಿಲು ಹುಡುಕಿಕೊಂಡು ಬರಬಲ್ಲ ಗಟ್ಟಿಯಾದ ಅರ್ಹತೆಯ ಏಣಿಯದು.

ಏಣಿಯ ಮೇಲಿನ ಮೆಟ್ಟಿಲುಗಳನ್ನು ಒಕ್ಕೂಟಗಳು ಕಟ್ಟಬೇಕು. ಕೆಳಗಿನ ಮೆಟ್ಟಿಲುಗಳು ನಮ್ಮವು. ಊರಿನ ಶಾಲೆಗೆ ಆಟದ ಬಯಲು ಉಳಿದಿದೆಯೇ? ಹೋಬಳಿ ಮಟ್ಟದ ಪಂದ್ಯ ಗೆದ್ದ ಹುಡುಗಿಯನ್ನು ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ಯುವ ಬಸ್ಸಿನ ಚಾರ್ಜನ್ನು ಯಾರು ಕೊಡುತ್ತಾರೆ? ಜಿಲ್ಲೆಯಲ್ಲಿ ಸೋತು ಬಂದವಳಿಗೆ ಮುಂದಿನ ವರ್ಷ ಇನ್ನೊಂದು ಅವಕಾಶವುಂಟೇ, ಅಥವಾ ಮದುವೆಯ ಮಾತೇ? ಪ್ಯಾರಿಸ್‌ನ ಹನ್ನೆರಡನೆಯ ಬಾಗಿಲಿನ ಹಿಂದೆ ಇಂಥ ನೂರಾರು ಸಣ್ಣ ಬಾಗಿಲುಗಳಿರುತ್ತವೆ. ಅವುಗಳಲ್ಲಿ ಒಂದು ಮುಚ್ಚಿದರೂ ಮೇಲಿನದಕ್ಕೆ ತಲುಪುವವರಿಲ್ಲ.

ತಿಪಟೂರಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಕಾಯುತ್ತಾನೆ. ಒಳಗಿನ ನೀರು ಇಂಗಿ, ಗಿಟಕು ಕರಟವನ್ನು ಬಿಟ್ಟು ಅಲುಗಿ ಸದ್ದು ಮಾಡಿದ ಮೇಲೆಯೇ ಒಡೆಯುತ್ತಾನೆ. ಅವಸರಪಟ್ಟು ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಹಾಗೆಂದು ಅಟ್ಟವನ್ನೇ ಕಟ್ಟದವನು ಎಷ್ಟು ಕಾಲ ಕಾದರೂ ಕೊಬ್ಬರಿ ಆಗಲಾರದು. ಮಕ್ಕಳ ಆಟಕ್ಕೆ ಬೇಕಾದ ಅಟ್ಟವನ್ನು ನಮ್ಮ ಊರೂರಿನಲ್ಲಿ ಕಟ್ಟಿಕೊಡುವ ಕೆಲಸ ಇನ್ನೂ ಉಳಿದಿದೆ. ಏಳು ಮಂದಿಯನ್ನು ಯಾವ ಹಳ್ಳಿಯಾದರೂ ಕೊಡಬಲ್ಲದು.