ಮೆಚ್ಚಿ ಕೊಟ್ಟದ್ದು

ದುಡಿದವನಿಗೆ ಕೂಲಿ ಸಲ್ಲಬೇಕು, ಅದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಲಿಯನ್ನು ಸರಿಯಾಗಿ ಎಣಿಸಿ ಕೊಡುವ ಧಣಿಯ ಬಳಿಯಿಂದಲೂ ಒಳ್ಳೆಯ ಕೆಲಸಗಾರನೊಬ್ಬ ಒಂದು ದಿನ ಹೆಗಲ ಮೇಲಿನ ವಸ್ತ್ರವನ್ನು ಕೊಡವಿಕೊಂಡು ಹೊರಟುಹೋಗುವುದನ್ನು ನೀವೂ ಕಂಡಿರಬಹುದು. ಏಕಪ್ಪ ಬಿಟ್ಟೆ ಎಂದು ಕೇಳಿದರೆ, "ಅಲ್ಲಿ ಹೇಳುವವರು ಕೇಳುವವರು ಯಾರೂ ಇರಲಿಲ್ಲ ಸ್ವಾಮಿ" ಎನ್ನುತ್ತಾನೆ. ಕೂಲಿಯ ಮಾತೇ ಅವನ ಬಾಯಲ್ಲಿ ಬರುವುದಿಲ್ಲ. ಕಾರ್ಖಾನೆಗಳೂ ಕಚೇರಿಗಳೂ ಈಗ ಇದನ್ನು ಅರಿತು, ವರ್ಷಕ್ಕೊಮ್ಮೆ ಉತ್ತಮ ನೌಕರನನ್ನು ಆರಿಸಿ, ಹಾರ ಹಾಕಿ, ಫಲಕ ಕೊಟ್ಟು, ಚಿತ್ರ ತೆಗೆಸುವ ಏರ್ಪಾಡು ಮಾಡಿಕೊಂಡಿವೆ. ಇದು ಪಶ್ಚಿಮದಿಂದ ಬಂದ ಹೊಸ ಕಲ್ಪನೆ ಎಂಬುದು ಅನೇಕರ ತಿಳಿವಳಿಕೆ. ಹಾಗೇನೂ ಇಲ್ಲ. ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದುತ್ತ ಹೋದರೆ ಇದೇ ಪ್ರಶ್ನೆಯನ್ನು ಅರಸರೂ ರಾಣಿಯರೂ ದಂಡನಾಯಕರೂ ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದುದು ಕಂಡುಬರುತ್ತದೆ.

ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಮಾತೂ ಇದ್ದಿತು: ಮೆಚ್ಚು. ಇಂದು ನಾವು 'ಮೆಚ್ಚಿದೆ' ಎಂದರೆ ಬಾಯಿಮಾತಿನ ಹೊಗಳಿಕೆ. ಹಿಂದಿನವರಲ್ಲಿ ಮೆಚ್ಚು ಎಂದರೆ ಮನಸ್ಸಿನ ಸಂತೋಷವೂ ಹೌದು, ಆ ಸಂತೋಷದಿಂದ ಕೊಟ್ಟ ವಸ್ತುವೂ ಹೌದು. ಕೊಡದೆ ಮೆಚ್ಚುವುದು ಆ ಕಾಲಕ್ಕೆ ಅರ್ಧ ಕೆಲಸ.

ಪಟ್ಟದಕಲ್ಲಿಗೆ ಹೋಗಿಬಂದವರು ಅಲ್ಲಿನ ವಿರೂಪಾಕ್ಷ ದೇವಾಲಯವನ್ನು ಮರೆಯಲಾರರು. ಮಲಪ್ರಭೆಯ ದಂಡೆಯಲ್ಲಿ ಎಂಟನೆಯ ಶತಮಾನದ ನಡುಭಾಗದಲ್ಲಿ ಎದ್ದು ನಿಂತ ಕಟ್ಟಡ ಅದು. ಬಾದಾಮಿಯ ಚಾಲುಕ್ಯ ಅರಸ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಸಲ ಗೆದ್ದುದರ ನೆನಪಿಗಾಗಿ ಅವನ ಪಟ್ಟದರಸಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ಆಗ ಇದಕ್ಕೆ ಲೋಕೇಶ್ವರವೆಂದೇ ಹೆಸರು. ಗೆದ್ದವನು ರಾಜ, ಕಟ್ಟಿಸಿದವಳು ರಾಣಿ. ಕಟ್ಟಿದವನು ಯಾರು? ಸಾಮಾನ್ಯವಾಗಿ ಈ ಮೂರನೆಯ ಪ್ರಶ್ನೆಗೆ ಇತಿಹಾಸ ಮೌನ. ಇಲ್ಲಿ ಹಾಗಲ್ಲ. ಪೂರ್ವದ ಹೆಬ್ಬಾಗಿಲಿನಲ್ಲಿ ಕನ್ನಡದಲ್ಲೇ ಬರೆಸಿಟ್ಟಿದೆ: ಈ ದೇಗುಲವನ್ನು ಮಾಡಿದ ಸೂತ್ರಧಾರಿ ಗುಂಡ. ಅವನಿಗೆ 'ಪೆರ್ಜೆರೆಪು' ಎಂಬ ಪಟ್ಟವನ್ನೂ 'ತ್ರಿಭುವನಾಚಾರಿ' ಎಂಬ ಹೆಸರನ್ನೂ ಕೊಡಲಾಯಿತು.

ಇದನ್ನು ಓದುವಾಗ ಒಂದು ಕ್ಷಣ ನಿಲ್ಲಿ. ಗುಂಡನಿಗೆ 'ಅನಿವಾರಿತಾಚಾರಿ' ಎಂಬ ಇನ್ನೊಂದು ಹೆಸರೂ ಇದ್ದಿತು. ಅನಿವಾರಿತ, ಎಂದರೆ ತಡೆಯಲಾಗದವನು, ಚಾಲುಕ್ಯ ಅರಸರ ಬಿರುದುಗಳಲ್ಲಿ ಒಂದು. ಅರಮನೆಯವರು ಹೊತ್ತ ಬಿರುದನ್ನೇ ಉಳಿ ಹಿಡಿದ ಕೈಯವನೂ ಹೊತ್ತಿದ್ದನೆಂದಾಯಿತು. ಹೊನ್ನು ಕೊಟ್ಟರೆ ಕರಗುತ್ತದೆ. ಮಗಳ ಮದುವೆಗೋ ಮನೆಯ ಮಾಡಿಗೋ ವೆಚ್ಚವಾಗುತ್ತದೆ. ಹೆಸರನ್ನು ಖರ್ಚು ಮಾಡುವ ಬಗೆ ಎಲ್ಲಿ? ಇನ್ನೂ ಒಂದು ಸಂಗತಿ. ಶಾಸನವನ್ನು ಕೊರೆಸಿದ್ದು ಅರಮನೆಯ ಕಡತದ ಮನೆಯಲ್ಲಲ್ಲ, ಯಾರೂ ನೋಡದ ಹಿಂಗೋಡೆಯಲ್ಲಲ್ಲ. ಬಂದವರೆಲ್ಲ ಹಾದುಹೋಗುವ ಬಾಗಿಲಲ್ಲಿ. ಮನ್ನಣೆಯನ್ನು ಗುಟ್ಟಾಗಿ ಕೊಟ್ಟರೆ ಅದು ಇನಾಮು ಮಾತ್ರ ಎಂಬುದು ಆ ರಾಣಿಗೆ ತಿಳಿದಿದ್ದಿರಬೇಕು.

ಅದೇ ದೇವಾಲಯದಲ್ಲಿ ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಯನ್ನು ಹೊಗಳಿದ ಇನ್ನೊಂದು ಬರಹವಿದೆ. ಅವನನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಕರೆದು, ವಾಸ್ತು, ಪ್ರಾಸಾದ, ವಾಹನ, ಆಸನ, ಶಯನ, ಮಣಿಮಕುಟ ಹೀಗೆ ಅವನಿಗೆ ತಿಳಿದ ವಿದ್ಯೆಗಳನ್ನು ಎಣಿಸಿ ಹೇಳಿದೆ. 'ಬಹಳ ಒಳ್ಳೆಯವನು, ಬಹಳ ನಿಪುಣ' ಎಂದು ಗಾಳಿಗೆ ತೂರಿದ ಹೊಗಳಿಕೆ ಇದಲ್ಲ. ಇಂಥಿಂಥ ಕೆಲಸ ಬಲ್ಲವನು ಎಂದು ಹೆಸರಿಟ್ಟು ಹೇಳಿದ ಹೊಗಳಿಕೆ. ಹೊಗಳಿಸಿಕೊಂಡವನಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಇದರ ಫಲವನ್ನು ಅಲ್ಲೇ ಸಮೀಪದ ಪಾಪನಾಥ ದೇವಾಲಯದಲ್ಲಿ ನೋಡಬಹುದು. ಅಲ್ಲಿ ಕೆಲಸ ಮಾಡಿದ ರೇವಡಿ ಓವಜ್ಜ ತನ್ನ ಹೆಸರನ್ನು ಹೇಳಿಕೊಳ್ಳುವಾಗ ತಾನು ಸರ್ವಸಿದ್ಧಿ ಆಚಾರಿಗಳ ಪರಂಪರೆಯವನೆಂದು ಹೇಳಿಕೊಳ್ಳುತ್ತಾನೆ. ಒಬ್ಬನಿಗೆ ಸಂದ ಮನ್ನಣೆ ಮುಂದಿನವರಿಗೆ ಮನೆತನದ ಆಸ್ತಿಯಾಯಿತು.

ಆಕಾಶವಾಣಿಯ ಪತ್ರಿಕೆಯನ್ನು ಓದುವ ನಿಮಗೆ ಹಾಡುಗಾರರ ವಿಷಯವನ್ನು ಹೇಳದೆ ಬಿಡಲಾಗದು. ಲೋಕಮಹಾದೇವಿಯ ಮಾವ ವಿಜಯಾದಿತ್ಯನು ಹಿಂದೆ ಗಾಯಕರಿಗೆ ಕೆಲವು ಕಟ್ಟಳೆಗಳನ್ನು ಅನುಗ್ರಹಿಸಿದ್ದನು. ರಾಣಿ ಅವನ್ನು ಮತ್ತೆ ಸ್ಥಿರಪಡಿಸಿದಳೆಂದು ಪಟ್ಟದಕಲ್ಲಿನ ಶಾಸನ ಹೇಳುತ್ತದೆ. ಹಳೆಯ ಧಣಿ ಕೊಟ್ಟ ಮಾತನ್ನು ಹೊಸ ಧಣಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಮೇಲಿನವರು ಬದಲಾದೊಡನೆ ಹಿಂದಿನವರು ಕೊಟ್ಟ ಮರ್ಯಾದೆಯೆಲ್ಲ ಅಳಿಸಿಹೋಗುವುದನ್ನು ಎಷ್ಟು ಕಚೇರಿಗಳಲ್ಲಿ ನಾವು ನೋಡಿಲ್ಲ!

ಈಗ ಪಟ್ಟದಕಲ್ಲಿನಿಂದ ಇನ್ನೂರು ವರ್ಷ ಮುಂದಕ್ಕೆ, ಮಂಡ್ಯದ ಕಡೆಗೆ ಬನ್ನಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿತು. ಕ್ರಿ.ಶ. ೯೪೯-೫೦ರ ಕಾಲದ್ದು. ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಹೋರಾಡುವ ಚಿತ್ರ, ಸುತ್ತಲೂ ಬರಹ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದನು. ಅವನ ಪಕ್ಷದಲ್ಲಿದ್ದ ಗಂಗ ಅರಸ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಚಕ್ರವರ್ತಿ ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟು ನಾಡುಗಳನ್ನು ಕೊಟ್ಟನು. ಇದು ದೊಡ್ಡವರು ದೊಡ್ಡವರಿಗೆ ಕೊಟ್ಟದ್ದು; ಇತಿಹಾಸದ ಪುಸ್ತಕಗಳಲ್ಲಿ ಬರುವುದೂ ಇದೇ.

ಆದರೆ ಆತಕೂರಿನ ಕಲ್ಲು ನೆಟ್ಟದ್ದು ಅದಕ್ಕಲ್ಲ. ಬೂತುಗನ ಮುಂದೆ ನಿಂತು ಕಾದಿದ ಮಣಲೇರ ಎಂಬ ವೀರನಿದ್ದನು. ಅವನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರ ಏನು ಬೇಡಿದನು ಗೊತ್ತೆ? ಹೊನ್ನಲ್ಲ, ಹಳ್ಳಿಯಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ನಾಯಿಯನ್ನು ಕೊಟ್ಟರು. ಮುಂದೆ ಕೆಲಲೆನಾಡಿನಲ್ಲಿ, ಬೆಳತೂರಿನ ಹತ್ತಿರದ ಗುಡ್ಡದಲ್ಲಿ, ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದಕ್ಕಾಗಿ ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಈ ಶಾಪವನ್ನು ಓದಿದಾಗ ನಗು ಬರುತ್ತದೆ, ನಿಜ. ಆದರೆ ನಾಯಿಯ ಕೆಲಸವನ್ನೂ ಮರೆಯಬಾರದೆಂದು ಹಟ ಹಿಡಿದವನ ಬಗ್ಗೆ ಗೌರವವೂ ಹುಟ್ಟುತ್ತದೆ.

ಮಣಲೇರ ಬೇಡದಿದ್ದರೂ ಬೂತುಗ ಅವನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ 'ಬಾಳ್ಗಚ್ಚು' ಕೊಟ್ಟನು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಯುದ್ಧದಿಂದ ಬಂದವನ ಕತ್ತಿಯ ರಕ್ತವನ್ನು ತೊಳೆದು ಕೊಡುವ ಕೊಡುಗೆಯೇ ಬಾಳ್ಗಚ್ಚು. ಎಂಥ ಮಾತು ನೋಡಿ! ಶಾಸನಗಳಲ್ಲಿ ಇಂಥ ಮಾತುಗಳಿಗೆ ಕೊರತೆಯಿಲ್ಲ. ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗಿ. ಕೆರೆ ಕಟ್ಟಿದವನಿಗೆ, ಒಡೆದ ಏರಿಯನ್ನು ಸರಿಮಾಡಿದವನಿಗೆ ಬಿಟ್ಟದ್ದು ಕಟ್ಟುಕೊಡಗಿ. ಕೆರೆಯ ಪಾಲನೆಗೆ ಬಿಟ್ಟದ್ದು ಬಿತ್ತುವಟ್ಟ. ಎಲ್ಲಕ್ಕೂ ಒಂದೇ ಹೆಸರನ್ನು ಅಂಟಿಸದೆ, ಯಾವ ಕೆಲಸಕ್ಕೆ ಕೊಟ್ಟರೆಂಬುದು ಕೊಡುಗೆಯ ಹೆಸರಿನಲ್ಲೇ ಉಳಿಯುವಂತೆ ಹಿಂದಿನವರು ನೋಡಿಕೊಂಡರು.

ಇನ್ನು ಹೊಯ್ಸಳರ ಕಾಲದ ರೂವಾರಿಗಳು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಶಿಲ್ಪಿಗಳು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ಕಾಟೋಜನ ಮಗ ನಾಗೋಜ ಮೊದಲಾದವರ ಊರೂ ತಂದೆಯ ಹೆಸರೂ ಕಲ್ಲಿನಲ್ಲಿವೆ. ಬಿರುದುಗಳಂತೂ ಕೇಳುವ ಹಾಗಿಲ್ಲ! ಬಿರುದಿನ ರೂವಾರಿಗಳೆಲ್ಲ ಮನ್ಮಥನಾದರೆ ತಾನು ಶಿವ ಎಂಬ ಅರ್ಥದ ಬಿರುದನ್ನು ಚಾವಣ ಹೊತ್ತಿದ್ದಾನೆ. ಮುಂದಿನ ಶತಮಾನದಲ್ಲಿ ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಕ್ಕುತ್ತದೆ.

ಈ ಸಹಿಗಳು ಕೂಲಿಯ ಲೆಕ್ಕಕ್ಕಾಗಿ ಹಾಕಿದವೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಲೆಕ್ಕಕ್ಕೆ ಒಂದು ಗೀಟು ಸಾಕಲ್ಲವೆ? ತಂದೆಯ ಹೆಸರೇಕೆ, ಬಿರುದೇಕೆ? ಬಳ್ಳಿಗಾವೆ ಎಲ್ಲಿ, ಬೇಲೂರು ಎಲ್ಲಿ. ಗದಗು ಇನ್ನೂ ದೂರ. ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದು ತಲೆಯೆತ್ತುತ್ತಿದ್ದ ಕಾಲ ಅದು. ಹಳೆಯ ಕಲಾಕೇಂದ್ರಗಳಿಂದ ನಿಪುಣರು ಹೊಸ ಅರಸನ ಊರಿಗೆ ಬಂದರು. ಉಳಿ ಸುತ್ತಿಗೆಗಳನ್ನು ಗಂಟುಕಟ್ಟಿಕೊಂಡು ಬಂದವನು ಇನ್ನೊಂದೂರಿಗೆ ಹೋಗಲೂ ಬಲ್ಲ. ಅಂಥವನನ್ನು ಬೇಲಿ ಹಾಕಿ ನಿಲ್ಲಿಸಲಾಗದು. ದೇವರ ಮನೆಯ ಗೋಡೆಯಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಳ್ಳುವ ಸ್ವಾತಂತ್ರ್ಯ ಕೊಟ್ಟದ್ದು, ನನ್ನ ಮಟ್ಟಿಗೆ, ಆ ಅರಸು ಮಾಡಿದ ಜಾಣ ಕೆಲಸಗಳಲ್ಲಿ ಒಂದು. ಕಲ್ಲು ಸೀಳಿದವರ, ಬಂಡಿ ಹೊಡೆದವರ, ಏಣಿ ಹಿಡಿದವರ ಹೆಸರುಗಳು ಮಾತ್ರ ಅಲ್ಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮನ್ನಣೆ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬ ಪ್ರಶ್ನೆ ಅಂದಿಗೂ ಇದ್ದಿತು.

ಮನ್ನಣೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಅದೇ ಹೊಯ್ಸಳರ ನಾಡಿನಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ಗರುಡಗಂಬವೊಂದಿದೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನನ್ನು ಅರಸ ಮಗನಂತೆ ಸಾಕಿ ಬೆಳೆಸಿದ್ದನು. ಒಡೆಯನೊಂದಿಗೇ ಬಾಳು, ಒಡೆಯನೊಂದಿಗೇ ಸಾವು ಎಂದು ನೇಮ ಹಿಡಿದವರು ಗರುಡರು. ಲಕ್ಷ್ಮನು ಹೆಂಡತಿಯೊಡನೆ, ತನ್ನ ಅನುಚರರೊಡನೆ ಪ್ರಾಣ ನೀಗಿದನು. ಕಂಬದ ಮೇಲೆ ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುವವರ ಚಿತ್ರಗಳಿವೆ. ಇದನ್ನು ಸ್ವಾಮಿಭಕ್ತಿಯ ಪರಾಕಾಷ್ಠೆಯೆಂದು ಕೊಂಡಾಡುವುದುಂಟು. ನನಗೆ ಆ ಕಂಬದ ಮುಂದೆ ನಿಂತಾಗ ಕೊಂಡಾಡಬೇಕೆನಿಸುವುದಿಲ್ಲ. ಕೊಟ್ಟವನ ಋಣ ಕೊಂಡವನ ಕೊರಳಿಗೆ ಉರುಳಾಗಬಾರದಿತ್ತು.

ಇದಕ್ಕೆ ವ್ಯತಿರಿಕ್ತವಾದ ದೋಷವೂ ಉಂಟು. ಕೆರೆ ಕಾಯ್ದವನಿಗೆ ಮೆಚ್ಚಿ ಬಿಟ್ಟ ಭೂಮಿ ಮಗನಿಗೆ, ಮೊಮ್ಮಗನಿಗೆ ಇಳಿದು, ಮೆಚ್ಚು ಹೋಗಿ ಹಕ್ಕು ಉಳಿಯಿತು. ಶಾನುಭೋಗ, ಪಟೇಲ, ತಳವಾರ, ತೋಟಿ, ನೀರಗಂಟಿ, ಇವರೆಲ್ಲರ ಉಂಬಳಿ ಇನಾಮುಗಳ ಕಥೆ ಹೀಗೆಯೇ. ಕೆಲವರಿಗೆ ಕೆಲಸವಿಲ್ಲದೆ ಭೂಮಿ ಉಳಿಯಿತು. ತೋಟಿಯಂಥವರಿಗೆ, ತುಂಡು ಭೂಮಿಯ ಆಸೆಗೆ, ಬಿಡಲಾರದ ಬಿಟ್ಟಿ ಚಾಕರಿ ಉಳಿಯಿತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಶಾಸನ ೧೯೬೩ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ತೆಗೆದದ್ದು ಒಳ್ಳೆಯದೇ ಆಯಿತು. ಆದರೆ ತೂಬಿನ ಬಳಿ ರಾತ್ರಿ ಕಂದೀಲು ಹಿಡಿದು ನಿಲ್ಲುತ್ತಿದ್ದ ನೀರಗಂಟಿಯ ಜಾಗಕ್ಕೆ ಅನೇಕ ಊರುಗಳಲ್ಲಿ ಮತ್ತೊಬ್ಬರು ಬರಲಿಲ್ಲ.

ಕಡೆಯದಾಗಿ ನಮ್ಮ ಕಾಲಕ್ಕೆ ಹತ್ತಿರದ ಒಂದು ಮಾತು. ಮೈಸೂರಿನ ವೀಣೆ ಶೇಷಣ್ಣನವರು ೧೮೫೨ರಲ್ಲಿ ಹುಟ್ಟಿದವರು. ಆಸ್ಥಾನದ ವೈಣಿಕರ ಮನೆತನ. ೧೯೦೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ವೈಣಿಕ ಶಿಖಾಮಣಿ' ಎಂಬ ಬಿರುದನ್ನು ಕೊಟ್ಟರು. ಅದಕ್ಕೂ ಹಿಂದಿನ ಕಥೆಯೊಂದನ್ನು ಸಂಗೀತಗಾರರು ಹೇಳುತ್ತ ಬಂದಿದ್ದಾರೆ. ಬರೋಡೆಯ ಮಹಾರಾಜರು ಶೇಷಣ್ಣನವರ ವಾದನಕ್ಕೆ ತಲೆದೂಗಿ ಪಲ್ಲಕ್ಕಿಯ ಮರ್ಯಾದೆ ಮಾಡಿದರಂತೆ. ಊರಿಗೆ ಮರಳಿದ ಮೇಲೆ, ಅದೇ ಪಲ್ಲಕ್ಕಿಯಲ್ಲಿ ಕುಳಿತು ಮೈಸೂರಿನ ಬೀದಿಯಲ್ಲಿ ಬರಬೇಕೆಂದು ಇಲ್ಲಿಯ ಅರಸರು ಅಪೇಕ್ಷಿಸಿದರು. ಪರರು ಮಾಡಿದ ಮರ್ಯಾದೆಗೆ ಮುನಿಯದೆ ಅದನ್ನು ತಮ್ಮ ಊರಿಗೆಲ್ಲ ತೋರಿಸಬೇಕೆಂದ ಅರಸರ ದೊಡ್ಡತನವನ್ನು ಗಮನಿಸಿ. ಶೇಷಣ್ಣನವರು ಅಪ್ಪಣೆಯನ್ನು ಮೀರಲಿಲ್ಲ. ಪಲ್ಲಕ್ಕಿಯೊಳಗೆ ವೀಣೆಯನ್ನು ಇಟ್ಟರು. ತಾವು ಅದರ ಪಕ್ಕದಲ್ಲಿ ನಡೆದುಕೊಂಡು ಬಂದರು. ೧೯೨೬ರಲ್ಲಿ ತೀರಿಕೊಳ್ಳುವವರೆಗೂ ಅವರು ಮೈಸೂರಿನ ವಿದ್ವಾಂಸರಾಗಿಯೇ ಉಳಿದರು.