ಸೆರೆಮನೆಗಳಲ್ಲಿ ಮನೋಘಾತ ಚಿಕಿತ್ಸೆ (ಹೈದರಾಬಾದ್)

ಹಿಂಸೆ, ಅತ್ಯಾಚಾರ, ಬಾಲ್ಯದ ದೌರ್ಜನ್ಯಗಳಿಂದ ಮನಸ್ಸಿಗೆ ಬಿದ್ದ ಪೆಟ್ಟಿಗೆ ಬಂದಿಗಳಿಗೂ ಸಂತ್ರಸ್ತರಿಗೂ ಕೊಡುವ ಚಿಕಿತ್ಸೆ. ಇಂಥ ಪೆಟ್ಟಿನ ಬೇನೆಯನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ತನ್ನ ಕೈಪಿಡಿಗೆ ಸೇರಿಸಿತು. ಹೈದರಾಬಾದಿನ ಚರಿತ್ರೆಯಲ್ಲಿ ಆಸ್ಪತ್ರೆಯ ಆರೈಕೆ, ನಡತೆ ತಿದ್ದುವ ಆಪ್ತ ಸಮಾಲೋಚನೆ, ಸಂತ್ರಸ್ತರ ನೆರವು ಈ ಮೂರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಸಾಮಾನ್ಯವಾಗಿ ಅವನ್ನು ಕಲಸಿಬಿಡಲಾಗುತ್ತದೆ.

ನಿಜಾಮರ ಕಾಲದಲ್ಲಿ ಜಾಲ್ನಾದಲ್ಲಿದ್ದ ಮಾನಸಿಕ ಆಸ್ಪತ್ರೆ 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಮನಸ್ಸಿನ ಸ್ಥಿಮಿತ ತಪ್ಪಿದ ಬಂದಿಗಳನ್ನು ಪೊಲೀಸ್ ಕಾವಲಿನಲ್ಲಿ ಅಲ್ಲಿಗೆ ಸಾಗಿಸುವುದು ರೂಢಿ. ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ.

ತೆಲಂಗಾಣ ರಚನೆಯಾದ ಮೇಲೆ ಬಂದ ‘ಉನ್ನತಿ’ ಕಾರ್ಯಕ್ರಮವೇ ಹೆಚ್ಚು ಗೊಂದಲಕ್ಕೆ ಎಡೆಮಾಡಿದೆ. ವಿ.ಕೆ. ಸಿಂಗ್ ಕಾರಾಗೃಹ ಇಲಾಖೆಯ ಮಹಾನಿರ್ದೇಶಕರಾಗಿದ್ದಾಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕಿ ಬೀನಾ ಚಿಂತಲಪುರಿ ಇದನ್ನು ರೂಪಿಸಿದರು. ಯೋಚನೆಯ ಜಾಡು ಬದಲಾದರೆ ನಡತೆಯೂ ಬದಲಾಗುತ್ತದೆ ಎಂಬ ಅರಿವಿನ ಚಿಕಿತ್ಸೆಯ ತತ್ತ್ವ ಇದರ ಬೆನ್ನೆಲುಬು. ಬಂದಿಗಳನ್ನು ಗುಂಪಾಗಿ ಕೂರಿಸಿ, ಸಿಟ್ಟು ಏರುವ ಗಳಿಗೆಯನ್ನು ಗುರುತಿಸಿ ತಡೆಯುವುದನ್ನು ಕಲಿಸುವುದು ಇಂಥ ಚಿಕಿತ್ಸೆಯ ಕ್ರಮ. ಬಿಡುಗಡೆಯಾದವರು ಮತ್ತೆ ಜೈಲು ಸೇರದಿರುವುದು ಇದರ ಗುರಿ. ಹಳೆಯ ಗಾಯವನ್ನು ವಾಸಿಮಾಡುವುದು ಬೇರೆಯೇ ಕೆಲಸ. ಹಾಗಾಗಿ ‘ಉನ್ನತಿ’ಯನ್ನು ಮನೋಘಾತ ಚಿಕಿತ್ಸೆ ಎನ್ನುವುದು ಸಡಿಲ ಮಾತು.

ಅಂಕಿಅಂಶದಲ್ಲೂ ಎಚ್ಚರ ಬೇಕು. ಉದಾಹರಣೆಗೆ, ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ನಿಮ್ಹಾನ್ಸ್ ತಜ್ಞರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಶೇಕಡಾ 79.6 ಬಂದಿಗಳಿಗೆ ಮಾನಸಿಕ ತೊಂದರೆ ಎಂಬ ಅಂಕಿಯಲ್ಲಿ ಮಾದಕ ವ್ಯಸನವೂ ಸೇರಿದೆ. ಅದನ್ನು ಕಳೆದರೆ ಮನೋರೋಗಿಗಳ ಪ್ರಮಾಣ ಶೇಕಡಾ 27.6. ಮೊದಲನೆಯ ಅಂಕಿಯನ್ನಷ್ಟೇ ಎತ್ತಿಕೊಂಡರೆ ಚಿತ್ರ ಕೆಡುತ್ತದೆ.

ಸಂತ್ರಸ್ತರ ಕಡೆಯ ದಾಖಲೆ ಸ್ಪಷ್ಟವಾಗಿದೆ. ದೌರ್ಜನ್ಯಕ್ಕೊಳಗಾದ ಮಹಿಳೆಯರು ಮತ್ತು ಮಕ್ಕಳಿಗಾಗಿ ಹೈದರಾಬಾದ್ ಪೊಲೀಸರು 2016ರಲ್ಲಿ ‘ಭರೋಸಾ’ ಕೇಂದ್ರ ತೆರೆದರು. ವೈದ್ಯಕೀಯ ಪರೀಕ್ಷೆ, ಹೇಳಿಕೆ ದಾಖಲು, ಕಾನೂನು ನೆರವು, ಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ. ಮಗು ನಡೆದದ್ದನ್ನು ಠಾಣೆಯಿಂದ ಠಾಣೆಗೆ ಅಲೆದು ಹೇಳಬೇಕಿಲ್ಲ. ತಾವೇ ಹಿಂಸೆ ಉಂಡು ಆಮೇಲೆ ಆರೋಪಿಯಾದವರಿಗೆ ಜೈಲಿನೊಳಗೆ ಹೀಗೆಯೇ ಒಗ್ಗೂಡಿಸಿದ ವ್ಯವಸ್ಥೆ ಬೇಕೆಂಬುದು ಸಹಜ ಬೇಡಿಕೆ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮಿನ ಪ್ರಕಾರ, ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕು.