ದಾಖಲೆಯಿಂದಾಚೆ ಉಳಿದವರು: ಅಮೆರಿಕದ ಬೇಸ್‌ಬಾಲ್ ಗೌರವಗಳೂ ಕಪ್ಪು ಆಟಗಾರರೂ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಒಂದು ಸಣ್ಣ ಊರು. ಬೇಸ್‌ಬಾಲ್ ಆಟದ ‘ಹಾಲ್ ಆಫ್ ಫೇಮ್’ ಎಂಬ ಕೀರ್ತಿಮಂದಿರ 1939ರಲ್ಲಿ ಅಲ್ಲಿ ತೆರೆಯಿತು. ಆಯ್ಕೆಯಾದ ಆಟಗಾರನ ಮುಖ, ಹೆಸರು ಮತ್ತು ಸಾಧನೆಯ ಸಾರವನ್ನು ಹೊತ್ತ ಕಂಚಿನ ಫಲಕವೊಂದು ಅಲ್ಲಿನ ಗೋಡೆಯನ್ನು ಸೇರುತ್ತದೆ. ಅಮೆರಿಕದ ಆಟಗಾರನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ. ಕಪ್ಪು ಜನಾಂಗದ ಮೊದಲ ವೃತ್ತಿಪರ ಆಟಗಾರನೆಂದು ಗುರುತಿಸಲಾದ ಬಡ್ ಫೌಲರ್ ಬೆಳೆದದ್ದು ಇದೇ ಊರಿನಲ್ಲಿ. ಅವನು ವೃತ್ತಿಜೀವನ ಆರಂಭಿಸಿದ್ದು 1878ರಲ್ಲಿ. ಅವನ ಫಲಕ ಆ ಗೋಡೆಯನ್ನು ಸೇರಿದ್ದು 2022ರಲ್ಲಿ. ಕಪ್ಪು ಆಟಗಾರರೊಡನೆ ಆಡಲು ನಿರಾಕರಿಸುವುದರಲ್ಲಿ ಮುಂದಾಗಿದ್ದ ಕ್ಯಾಪ್ ಆನ್ಸನ್‌ನ ಆಯ್ಕೆಯಾದರೋ ಮಂದಿರ ತೆರೆದ 1939ರಲ್ಲಿಯೇ ಆಗಿತ್ತು.

ಬೇಸ್‌ಬಾಲ್‌ನ ವರ್ಣಭೇದ 1947ರಲ್ಲಿ ಜಾಕಿ ರಾಬಿನ್ಸನ್‌ನ ಪ್ರವೇಶದೊಂದಿಗೆ ಕೊನೆಗೊಳ್ಳತೊಡಗಿತೆಂದು ಚರಿತ್ರೆ ಹೇಳುತ್ತದೆ. ಆದರೆ ಮೈದಾನದಲ್ಲಿ ತೆರೆದ ಬಾಗಿಲು ದಾಖಲೆಯ ಪುಟಗಳಲ್ಲಿ ತೆರೆಯಲು ಇನ್ನೂ ಏಳು ದಶಕಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಹೊರಗಿಟ್ಟ ಕಾರಣದಿಂದ ದಾಖಲೆ ಹುಟ್ಟಲಿಲ್ಲ. ದಾಖಲೆ ಇಲ್ಲವೆಂಬ ಕಾರಣದಿಂದ ಗೌರವ ದೊರೆಯಲಿಲ್ಲ. ಮೊದಲ ಅನ್ಯಾಯವೇ ಎರಡನೆಯ ಅನ್ಯಾಯಕ್ಕೆ ಸಾಕ್ಷ್ಯವಾಗಿ ಒದಗಿದ ಈ ವಿದ್ಯಮಾನ ಚರಿತ್ರೆಯ ಅಭ್ಯಾಸಿಗಳೆಲ್ಲರೂ ಗಮನಿಸಬೇಕಾದದ್ದು.

ನಿಷೇಧ ಆರಂಭದಿಂದಲೂ ಇದ್ದುದಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲೀಡೊ ತಂಡದ ಪರವಾಗಿ ಅಂದಿನ ಪ್ರಮುಖ ಲೀಗ್‌ಗಳಲ್ಲೊಂದರಲ್ಲಿ ಆಡಿದ್ದ. 1887ರಲ್ಲಿ ಇಂಟರ್‌ನ್ಯಾಷನಲ್ ಲೀಗ್ ಕಪ್ಪು ಆಟಗಾರರೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳಬಾರದೆಂದು ನಿರ್ಧರಿಸಿತು. ಮುಂದೆ ಪ್ರಮುಖ ಲೀಗ್‌ಗಳಲ್ಲಿ ನೆಲೆಗೊಂಡ ನಿಷೇಧಕ್ಕೆ ಲಿಖಿತ ನಿಯಮದ ಅಗತ್ಯವೂ ಬೀಳಲಿಲ್ಲ. ಮಾಲೀಕರ ನಡುವಿನ ಮೌನಸಮ್ಮತಿಯೇ ಸಾಕಾಯಿತು. 1920ರಿಂದ 1944ರಲ್ಲಿ ಸಾಯುವವರೆಗೆ ಬೇಸ್‌ಬಾಲ್ ಕಮಿಷನರ್ ಆಗಿದ್ದ ಕೆನೆಸಾ ಮೌಂಟನ್ ಲ್ಯಾಂಡಿಸ್‌ನ ಕಾಲದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಪ್ರಮುಖ ಲೀಗ್‌ಗಳಲ್ಲಿ ಆಡಲಿಲ್ಲ.

ಹೊರಗುಳಿದವರು ತಮ್ಮದೇ ಲೋಕವೊಂದನ್ನು ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್‌ನ ನೇತೃತ್ವದಲ್ಲಿ ಕಾನ್ಸಾಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು. ಆ ಕಾಲದ ‘ನೀಗ್ರೋ’ ಎಂಬ ಪದ ಇಂದು ಬಳಕೆಯಿಂದ ಸರಿದಿದ್ದರೂ, ಈ ಲೀಗ್‌ಗಳ ಚಾರಿತ್ರಿಕ ಹೆಸರಾಗಿ ಉಳಿದಿದೆ. ಅಧಿಕೃತ ಲೀಗ್ ಪಂದ್ಯಗಳ ಸಂಖ್ಯೆ ಕಡಿಮೆ. ಅವುಗಳ ಆದಾಯ ಸಾಲದೆ ತಂಡಗಳು ಊರಿಂದೂರಿಗೆ ಬಸ್ಸಿನಲ್ಲಿ ಸುತ್ತಿ ಸ್ಥಳೀಯ ತಂಡಗಳೊಡನೆ ಆಡಿ ಹೊಟ್ಟೆ ಹೊರೆದವು. ಬಿಳಿಯರ ಪತ್ರಿಕೆಗಳಿಗೆ ಈ ಆಟ ಬಹುಮಟ್ಟಿಗೆ ಸುದ್ದಿಯೇ ಆಗಿರಲಿಲ್ಲ. ‘ಚಿಕಾಗೋ ಡಿಫೆಂಡರ್’, ‘ಪಿಟ್ಸ್‌ಬರ್ಗ್ ಕೊರಿಯರ್’ನಂಥ ಕಪ್ಪು ಜನಾಂಗದ ವಾರಪತ್ರಿಕೆಗಳು ಪಂದ್ಯಗಳ ಅಂಕಪಟ್ಟಿಗಳನ್ನು ದೊರೆತಷ್ಟು ಮುದ್ರಿಸಿದವು. ಪ್ರತಿಯೊಂದು ಹೊಡೆತಕ್ಕೂ ಲೆಕ್ಕವಿಡುವ ಆಟದಲ್ಲಿ, ಲೆಕ್ಕ ಬರೆಯುವವರೇ ಇಲ್ಲದ ಆಟಗಾರರ ಗುಂಪೊಂದು ಹೀಗೆ ರೂಪುಗೊಂಡಿತು.

ಈ ಲೋಕದ ಅತ್ಯುಚ್ಚ ಹೊಡೆತಗಾರ ಜಾಶ್ ಗಿಬ್ಸನ್ 1947ರ ಜನವರಿ 20ರಂದು, 35ರ ವಯಸ್ಸಿನಲ್ಲಿ ತೀರಿಕೊಂಡ. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದ. ಪ್ರಸಿದ್ಧ ಪಿಚರ್, ಎಂದರೆ ಚೆಂಡೆಸೆಯುವವ, ಸ್ಯಾಚೆಲ್ ಪೇಜ್‌ಗೆ ಅವಕಾಶ ದೊರೆತಾಗ ಅವನಿಗೆ 42 ವರ್ಷ. ರಾಬಿನ್ಸನ್ 1962ರಲ್ಲಿ ಕೂಪರ್ಸ್‌ಟೌನ್ ಪ್ರವೇಶಿಸಿದ; ಅದು ಪ್ರಮುಖ ಲೀಗ್‌ನಲ್ಲಿ ಅವನು ಆಡಿದ ಹತ್ತು ವರ್ಷಗಳ ಬಲದಿಂದ. ಗಿಬ್ಸನ್, ಪೇಜ್ ಅಂಥವರಿಗೆ ಅಡ್ಡಿಯಾದದ್ದು ಇದೇ ನಿಯಮ: ಆಯ್ಕೆಗೆ ಪ್ರಮುಖ ಲೀಗ್‌ನಲ್ಲಿ ಹತ್ತು ಋತುಗಳ ಆಟ ಬೇಕಿತ್ತು. ಬಾಗಿಲು ಮುಚ್ಚಿದವರೇ ಒಳಗೆ ಎಷ್ಟು ಕಾಲ ಇದ್ದಿರಿ ಎಂದು ಕೇಳಿದಂತಾಯಿತು.

1966ರಲ್ಲಿ ತನ್ನ ಪ್ರವೇಶದ ಸಮಾರಂಭದಲ್ಲಿಯೇ ಟೆಡ್ ವಿಲಿಯಮ್ಸ್ ಈ ಪ್ರಶ್ನೆಯನ್ನೆತ್ತಿದ. ಪೇಜ್ ಮತ್ತು ಗಿಬ್ಸನ್ ಇಬ್ಬರ ಹೆಸರನ್ನೂ ಹೇಳಿ, ಅವಕಾಶ ಸಿಗದೆ ಹೊರಗುಳಿದ ಆಟಗಾರರಿಗೆ ಅಲ್ಲಿ ಸ್ಥಾನ ದೊರೆಯಬೇಕೆಂದು ಆಶಿಸಿದ. 1970ರಲ್ಲಿ ರಾಬರ್ಟ್ ಪೀಟರ್ಸನ್‌ನ ‘ಓನ್ಲಿ ದ ಬಾಲ್ ವಾಸ್ ವೈಟ್’ ಎಂಬ ಗ್ರಂಥ ಹಳೆಯ ಪತ್ರಿಕೆಗಳನ್ನೂ ಆಟಗಾರರ ನೆನಪುಗಳನ್ನೂ ಆಧರಿಸಿ ಮರೆತ ಚರಿತ್ರೆಯನ್ನು ಮುಂದಿಟ್ಟಿತು. ಮರುವರ್ಷ ವಿಶೇಷ ಸಮಿತಿಯೊಂದು ಪೇಜ್‌ನನ್ನು ಆರಿಸಿತು. ಆದರೆ ಹತ್ತು ವರ್ಷಗಳ ನಿಯಮವನ್ನು ಮುಂದೊಡ್ಡಿ, ಇಂಥವರನ್ನು ಮಂದಿರದ ಪ್ರತ್ಯೇಕ ಭಾಗದಲ್ಲಿ ಸ್ಮರಿಸಲಾಗುವುದೆಂದು ಪ್ರಕಟಿಸಲಾಯಿತು. ಗೌರವದಲ್ಲಿಯೂ ಪ್ರತ್ಯೇಕ ಪಂಕ್ತಿ! ತೀವ್ರ ಪ್ರತಿಭಟನೆಯ ಬಳಿಕ ನಿರ್ಧಾರ ಬದಲಾಗಿ, ಪೇಜ್ ಇತರರ ಸಾಲಿನಲ್ಲಿಯೇ ಸೇರಿದ. ಮರುವರ್ಷ ಗಿಬ್ಸನ್‌ನ ಸರದಿ ಬಂತು. 1977ರ ವೇಳೆಗೆ ಒಟ್ಟು ಒಂಬತ್ತು ಮಂದಿಯನ್ನು ಆರಿಸಿ ಆ ಸಮಿತಿ ಕೊನೆಗೊಂಡಿತು.

ಇದಕ್ಕಿಂತ ಸ್ವಲ್ಪ ಹಿಂದೆ, 1969ರಲ್ಲಿ, ಯಾವ ಲೀಗ್‌ಗಳನ್ನು ‘ಪ್ರಮುಖ’ವೆಂದು ಪರಿಗಣಿಸಬೇಕೆಂದು ನಿರ್ಣಯಿಸಲು ದಾಖಲೆ ಸಮಿತಿಯೊಂದು ಕೂಡಿತ್ತು. ಅದು ಆರು ಲೀಗ್‌ಗಳಿಗೆ ಮಾನ್ಯತೆ ನೀಡಿತು. ಅವುಗಳಲ್ಲಿ 1884ರ ಒಂದೇ ಋತುವಿನಲ್ಲಿ ಹುಟ್ಟಿ ಮುಗಿದ ಯೂನಿಯನ್ ಅಸೋಸಿಯೇಷನ್ ಕೂಡ ಸೇರಿತ್ತು. ಮೂರು ದಶಕಗಳಷ್ಟು ಕಾಲ ನಡೆದ ನೀಗ್ರೋ ಲೀಗ್‌ಗಳು ತಿರಸ್ಕೃತವೂ ಆಗಲಿಲ್ಲ, ಚರ್ಚೆಗೇ ಬರಲಿಲ್ಲ. ತಿರಸ್ಕಾರಕ್ಕಾದರೂ ಕಾರಣ ಕೊಡಬೇಕು. ಮರೆವಿಗೆ ಅದೂ ಬೇಡ.

2006ರಲ್ಲಿ ಹನ್ನೆರಡು ಮಂದಿ ತಜ್ಞರ ಸಮಿತಿ 39 ಹೆಸರುಗಳನ್ನು ಪರಿಶೀಲಿಸಿ 17 ಮಂದಿಯನ್ನು ಒಮ್ಮೆಗೇ ಆರಿಸಿತು. ನ್ಯೂಆರ್ಕ್ ತಂಡದ ಒಡತಿ ಎಫಾ ಮ್ಯಾನ್ಲಿ ಮಂದಿರ ಪ್ರವೇಶಿಸಿದ ಮೊದಲ ಮಹಿಳೆಯಾದದ್ದು ಆಗಲೇ. ಆರಿಸಲಾದ ಹದಿನೇಳೂ ಜನ ಗತಿಸಿದವರು. ಪಟ್ಟಿಯಲ್ಲಿದ್ದು ಬದುಕಿದ್ದ ಇಬ್ಬರು, ಬಕ್ ಓ’ನೀಲ್ ಮತ್ತು ಮಿನ್ನಿ ಮಿನೋಸೊ, ಆಯ್ಕೆಯಾಗಲಿಲ್ಲ. ಓ’ನೀಲ್ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಆಟಗಾರ ಹಾಗೂ ನಿರ್ವಾಹಕ; 1962ರಲ್ಲಿ ಪ್ರಮುಖ ಲೀಗ್‌ನ ಮೊದಲ ಕಪ್ಪು ತರಬೇತುದಾರ; ನೀಗ್ರೋ ಲೀಗ್‌ಗಳ ವಸ್ತುಸಂಗ್ರಹಾಲಯಕ್ಕಾಗಿ ದುಡಿದು, ಆ ಲೋಕದ ಕಥೆಯನ್ನು ದೇಶಕ್ಕೆಲ್ಲ ಹೇಳಿದ ಜೀವಂತ ಸಾಕ್ಷಿ. ಕಹಿಯನ್ನು ತೋರಗೊಡದೆ ಆ ಹದಿನೇಳು ಮಂದಿಯ ಪರವಾಗಿ ಕೂಪರ್ಸ್‌ಟೌನ್‌ನ ವೇದಿಕೆಯಲ್ಲಿ ಮಾತನಾಡಿದವರೂ ಅವರೇ. ಅದೇ ವರ್ಷದ ಅಕ್ಟೋಬರಿನಲ್ಲಿ, 94ರ ವಯಸ್ಸಿನಲ್ಲಿ ಅವರು ನಿಧನರಾದರು. ಅವರಿಗೂ ಮಿನೋಸೊಗೂ ಸ್ಥಾನ ದೊರೆತದ್ದು 2022ರಲ್ಲಿ. ಆ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳನ್ನು ಪ್ರಮುಖ ಲೀಗ್‌ಗಳೆಂದು ಒಪ್ಪಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಅಂಶಗಳು ಅಧಿಕೃತ ದಾಖಲೆ ಸೇರಿದವು. ಹಳೆಯ ಪತ್ರಿಕೆಗಳಿಂದ ಪಂದ್ಯ ಪಂದ್ಯವನ್ನೂ ಹೆಕ್ಕಿ ತೆಗೆದ ಸಂಶೋಧಕರ ದೀರ್ಘ ಪರಿಶ್ರಮ ಇದರ ಹಿಂದಿದೆ. ಪರಿಣಾಮವಾಗಿ ಗಿಬ್ಸನ್‌ನ ಜೀವಮಾನದ ಬ್ಯಾಟಿಂಗ್ ಸರಾಸರಿ 0.372 ಎಂದು ದಾಖಲಾಗಿ, ಟೈ ಕಾಬ್‌ನ 0.367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಗಿಬ್ಸನ್‌ನ ಫಲಕ ಸುಮಾರು 800 ಹೋಮ್ ರನ್‌ಗಳ ಮಾತನ್ನಾಡಿದರೆ, ಹೊಸ ಅಧಿಕೃತ ಲೆಕ್ಕದಲ್ಲಿ ಅವು 200ನ್ನೂ ಮುಟ್ಟುವುದಿಲ್ಲ. ಇವೆರಡರ ನಡುವೆ ವಿರೋಧವಿಲ್ಲ. ಒಂದು ಎಲ್ಲ ಬಗೆಯ ಪಂದ್ಯಗಳ ಸ್ಮೃತಿ. ಇನ್ನೊಂದು ಕಾಗದದ ಆಧಾರ ಉಳಿದಿರುವ ಲೀಗ್ ಪಂದ್ಯಗಳ ಎಣಿಕೆ. ಆ ಕಾಲಾವಧಿಯ ದಾಖಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ದೊರೆತಿವೆಯೆಂಬ ಅಂದಾಜಿನ ಹಿನ್ನೆಲೆಯಲ್ಲಿ ಈ ಅಂಕಿಗಳನ್ನು ಓದಬೇಕು.

ಲೀಗ್‌ನ ಚೌಕಟ್ಟಿಗೆ ಒಳಪಡದವರ ಸ್ಥಿತಿ ಇನ್ನೂ ಕಠಿಣ. ಪಿಚರ್ ಜಾನ್ ಡೊನಾಲ್ಡ್‌ಸನ್ ತನ್ನ ಆಟದ ಬಹುಭಾಗವನ್ನು ಸಣ್ಣ ಊರುಗಳ ಮೈದಾನಗಳಲ್ಲಿ ಆಡಿದ. ಆ ಊರುಗಳ ಪತ್ರಿಕೆಗಳನ್ನು ಶೋಧಿಸಿದವರು ಅವನ 400ಕ್ಕೂ ಹೆಚ್ಚು ಗೆಲುವುಗಳಿಗೆ ಆಧಾರ ಒದಗಿಸಿದ್ದಾರೆ. 2024ರ ಡಿಸೆಂಬರಿನ ಆಯ್ಕೆಯಲ್ಲಿಯೂ ಅವನಿಗೆ ಬೇಕಾದಷ್ಟು ಮತ ಬೀಳಲಿಲ್ಲ. 1970ರಲ್ಲಿ ತೀರಿಕೊಂಡ ಅವನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2004ರಲ್ಲಿ. ಗಿಬ್ಸನ್‌ನ ಸಮಾಧಿಯೂ ದಶಕಗಳ ಕಾಲ ಗುರುತಿಲ್ಲದೆಯೇ ಇತ್ತು. ಬಿದ್ದ ವೀರನಿಗೆ ಊರವರು ಕಲ್ಲು ನಿಲ್ಲಿಸಿದ ನಾಡಿನ ಓದುಗರಿಗೆ ಈ ಕೊರತೆಯ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಗೌರವವನ್ನು ಮರಳಿಸುವುದರ ಜೊತೆಗೆ ಹಿಂತೆಗೆದುಕೊಳ್ಳುವ ಕೆಲಸವೂ ನಡೆದಿದೆ. 2020ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಫಲಕದಿಂದ ಲ್ಯಾಂಡಿಸ್‌ನ ಹೆಸರನ್ನು ತೆಗೆಯಲಾಯಿತು. ಕೂಪರ್ಸ್‌ಟೌನ್‌ನಲ್ಲಿ ಅವನ ಫಲಕ ಮಾತ್ರ ಉಳಿದುಕೊಂಡಿದೆ. ಆನ್ಸನ್ ಮತ್ತು ಫೌಲರ್ ಈಗ ಒಂದೇ ಸೂರಿನಡಿ ಇದ್ದಾರೆ. ಎರಡೂ ಫಲಕಗಳ ಆಯ್ಕೆಯ ವರ್ಷಗಳನ್ನು ಒಟ್ಟಿಗೆ ಓದಿದಾಗಲಷ್ಟೇ ಆ ಗೋಡೆಯ ಚರಿತ್ರೆ ಪೂರ್ಣವಾಗುತ್ತದೆ. ದಾಖಲೆಯನ್ನೇ ನಂಬಿ ನಡೆಯುವ ಸಂಶೋಧಕ ಆ ದಾಖಲೆಯನ್ನು ಯಾರು ಬರೆದರು, ಯಾರನ್ನು ಬರೆಯಲಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ. ಡೊನಾಲ್ಡ್‌ಸನ್‌ನಂಥವರ ನ್ಯಾಯ ಈ ಪ್ರಶ್ನೆಯನ್ನೇ ಕಾದಿದೆ.